ವರ್ಜಿಲ್ ಕವಿಗೆ ಕೃಷಿ ನಿಜವಾಗಿ ತಿಳಿದಿತ್ತೇ?

ಪ್ರಶ್ನೆ (ಸೋಮವಾರಪೇಟೆಯಿಂದ):
ನಮ್ಮದು ಸಣ್ಣ ಕಾಫಿ ತೋಟ. ಜೊತೆಗೆ ಕೆಲವು ಜೇನುಪೆಟ್ಟಿಗೆಗಳಿವೆ. ರೋಮಿನ ಮಹಾಕವಿ ವರ್ಜಿಲ್ ‘ಈನೀಡ್’ ಬರೆಯುವ ಮೊದಲು ‘ಜಾರ್ಜಿಕ್ಸ್’ ಎಂಬ ಕೃಷಿಕಾವ್ಯವನ್ನು ರಚಿಸಿದನೆಂದೂ, ಅದರ ನಾಲ್ಕನೆಯ ಭಾಗದಲ್ಲಿ ಜೇನುಸಾಕಣೆಯನ್ನು ವಿವರಿಸಿದ್ದಾನೆಂದೂ ತಿಳಿದು ಅನುವಾದದಲ್ಲಿ ಓದತೊಡಗಿದ್ದೇನೆ. ಅವನು ಇದನ್ನು ಮಣ್ಣಿನ ಅನುಭವದಿಂದ ಬರೆದನೇ, ಅಥವಾ ಅಧಿಕಾರದಲ್ಲಿದ್ದವರ ಅಪೇಕ್ಷೆಯಂತೆ ಬರೆದನೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ವಿರಾಜಪೇಟೆಯಿಂದ):
ಎರಡೂ ನಿಜವೆಂದು ನನ್ನ ಅಭಿಪ್ರಾಯ, ಆದರೆ ಮಣ್ಣಿನ ಪಾಲೇ ಹೆಚ್ಚು. ವರ್ಜಿಲ್ ಕ್ರಿ.ಪೂ. 70ರಲ್ಲಿ ಉತ್ತರ ಇಟಲಿಯ ಮಾಂಟುವಾ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿ, ಕ್ರೆಮೋನಾ, ಮಿಲಾನ್ ಮತ್ತು ರೋಮ್‌ಗಳಲ್ಲಿ ಓದಿದನು. ಕ್ರಿ.ಪೂ. 42ರ ಫಿಲಿಪ್ಪಿ ಯುದ್ಧದ ನಂತರ ಸಾವಿರಾರು ಸೈನಿಕರಿಗೆ ಜಮೀನು ಹಂಚಬೇಕಾಗಿ ಬಂದಾಗ ಕ್ರೆಮೋನಾದ ಭೂಮಿ ಸಾಲದೆ, ನೆರೆಯ ಮಾಂಟುವಾದ ರೈತರ ಹೊಲಗಳನ್ನೂ ಕಿತ್ತುಕೊಳ್ಳಲಾಯಿತು. ವರ್ಜಿಲನ ಮನೆತನದ ಜಮೀನೂ ಹೋಯಿತೆಂದು ಪ್ರಾಚೀನ ಜೀವನಚರಿತ್ರೆಗಳು ಹೇಳುತ್ತವೆ. ಅದನ್ನು ಅವನ ಪದ್ಯಗಳಿಂದಲೇ ಊಹಿಸಿರಬಹುದೆಂದು ಇಂದಿನ ಅನೇಕ ವಿದ್ವಾಂಸರು ಸಂಶಯಪಡುತ್ತಾರೆ. ಆದರೆ ಅವನ ಮೊದಲ ಕೃತಿಯಾದ ‘ಎಕ್ಲಾಗ್ಸ್’ನ ಮೊದಲ ಪದ್ಯದಲ್ಲಿಯೇ ಹೊಲ ಕಳೆದುಕೊಂಡ ಮೆಲಿಬೀಯಸ್ ತನ್ನ ಆಡುಗಳನ್ನು ಹೊಡೆದುಕೊಂಡು ಊರು ಬಿಡುತ್ತಾನೆ, ತಾನು ಉತ್ತ ನೆಲ ಯಾವನೋ ಸೈನಿಕನ ಪಾಲಾಯಿತಲ್ಲ ಎಂದು ಕೊರಗುತ್ತಾನೆ. ಹಾರಂಗಿ ಜಲಾಶಯಕ್ಕಾಗಿ ಭೂಮಿ ಬಿಟ್ಟುಕೊಟ್ಟವರ ಮಾತು ಕೇಳಿದ ನಮ್ಮ ಕಡೆಯವರಿಗೆ ಆ ಸಾಲುಗಳು ಬೇಗ ತಟ್ಟುತ್ತವೆ.

‘ಜಾರ್ಜಿಕ್ಸ್’ ಬರೆಯಲು, ಮುಂದೆ ರೋಮಿನ ಚಕ್ರವರ್ತಿ ಆಗಸ್ಟಸ್ ಎನಿಸಿದವನ ಆಪ್ತನಾದ ಮೈಸಿನಸ್‌ನ ಒತ್ತಾಸೆಯಿತ್ತು ಎಂಬುದನ್ನು ಕವಿಯೇ ಕಾವ್ಯದಲ್ಲಿ ಹೇಳಿಕೊಂಡಿದ್ದಾನೆ. ಆದರೆ 2,188 ಸಾಲುಗಳಿಗೆ ಸುಮಾರು ಏಳು ವರ್ಷ, ಅಂದರೆ ದಿನಕ್ಕೊಂದು ಸಾಲಿಗಿಂತಲೂ ಕಡಿಮೆ! ಬರೀ ಆಜ್ಞಾಪಾಲನೆಗಾಗಿ ಯಾರೂ ಅಷ್ಟು ತಾಳ್ಮೆಯಿಂದ ತಿದ್ದುವುದಿಲ್ಲ.

ಉತ್ತರ (ಭಾಗಮಂಡಲದಿಂದ):
ಜೇನಿನ ಭಾಗವನ್ನು ಕುರಿತು ಮಾತ್ರ ಹೇಳುತ್ತೇನೆ. ಗೂಡು ನೀರಿನ ಸೆಲೆಯ ಸಮೀಪದಲ್ಲಿ, ಮರದ ನೆರಳಿನಲ್ಲಿ, ಗಾಳಿ ಬೀಸದ ಕಡೆ ಇರಬೇಕು, ಹುಳುಗಳು ಕುಳಿತು ರೆಕ್ಕೆ ಒಣಗಿಸಿಕೊಳ್ಳಲು ನೀರಿನಲ್ಲಿ ಕಲ್ಲು ಮತ್ತು ಕೊಂಬೆಗಳನ್ನು ಹಾಕಬೇಕು, ಗೂಡಿನ ಬಾಯಿ ಕಿರಿದಾಗಿರಬೇಕು ಎಂಬ ಅವನ ಮಾತುಗಳನ್ನು ತುಡುವೆ ಜೇನು ಸಾಕುವ ನಾವು ಇಂದಿಗೂ ಒಪ್ಪುತ್ತೇವೆ. ತಪ್ಪುಗಳೂ ಇವೆ: ಆ ಕಾಲದವರಂತೆ ಅವನೂ ರಾಣಿಜೇನನ್ನು ರಾಜನೆಂದೇ ಭಾವಿಸಿದನು, ಸತ್ತ ಎಳೆಯ ಹೋರಿಯ ದೇಹದಿಂದ ಜೇನುಹುಳುಗಳು ಹುಟ್ಟುತ್ತವೆಂದೂ ಬರೆದನು.

ನನ್ನನ್ನು ಹೆಚ್ಚು ಕಲಕಿದ್ದು ರೋಗದ ವರ್ಣನೆ. ಹುಳುಗಳ ಬಣ್ಣ ಕೆಡುವುದು, ಮೈ ಸೊರಗುವುದು, ಸತ್ತವುಗಳನ್ನು ಹೊರಗೆ ಹೊತ್ತು ತರುವುದು, ಉಳಿದವು ಬಾಗಿಲಲ್ಲಿ ಕಾಲಿಗೆ ಕಾಲು ಹೆಣೆದು ಜೋತುಬೀಳುವುದು ಇವೆಲ್ಲವನ್ನೂ ಹೇಳಿ, ಬೊಂಬಿನಂಥ ಕೊಳವೆಯಲ್ಲಿ ಜೇನುತುಪ್ಪ ಉಣಿಸಲು ಸೂಚಿಸುತ್ತಾನೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ನಾಶಮಾಡಿದ್ದನ್ನು ಕಂಡವರಿಗೆ, ಗೂಡಿನ ಮುಂದೆ ಕುಳಿತು ನೋಡಿದವನಷ್ಟೇ ಇಂಥ ಸಾಲುಗಳನ್ನು ಬರೆಯಬಲ್ಲನೆಂದು ಅನ್ನಿಸುತ್ತದೆ.

ಪ್ರಶ್ನಿಸಿದವರಿಂದ:
ಇಬ್ಬರಿಗೂ ವಂದನೆಗಳು. ‘ಈನೀಡ್’ ಕಾವ್ಯವನ್ನು ಸುಡಬೇಕೆಂದು ಅವನೇ ಹೇಳಿದ್ದನೆಂಬುದು ನಿಜವೇ?

ಉತ್ತರ (ವಿರಾಜಪೇಟೆಯಿಂದ):
ಪ್ರಾಚೀನ ಜೀವನಚರಿತ್ರೆಯಲ್ಲಿ ಹಾಗೆಯೇ ಇದೆ. ಹನ್ನೊಂದು ವರ್ಷ ದುಡಿದರೂ ಅವನಿಗೆ ಹನ್ನೆರಡು ಸರ್ಗಗಳ ಆ ಕಾವ್ಯ ತೃಪ್ತಿ ಕೊಟ್ಟಿರಲಿಲ್ಲ. ಇನ್ನೂ ಮೂರು ವರ್ಷ ತಿದ್ದಬೇಕೆಂದು ಗ್ರೀಸಿಗೆ ಹೊರಟವನು ಮೆಗಾರಾದ ಬಿಸಿಲಿನಲ್ಲಿ ಕಾಯಿಲೆ ಬಿದ್ದು, ಇಟಲಿಗೆ ಮರಳಿ, ಕ್ರಿ.ಪೂ. 19ರ ಸೆಪ್ಟೆಂಬರ್ 21ರಂದು ಬ್ರುಂಡಿಸಿಯಂ ಬಂದರಿನಲ್ಲಿ ತೀರಿಕೊಂಡನು. ಆಗ ಅವನಿಗೆ 51 ವರ್ಷವೂ ತುಂಬಿರಲಿಲ್ಲ. ಹಸ್ತಪ್ರತಿಯನ್ನು ಸುಡಲು ಹೇಳಿದ್ದರೂ ಆಗಸ್ಟಸ್‌ನ ಆಜ್ಞೆಯಂತೆ ಗೆಳೆಯರಾದ ವೇರಿಯಸ್ ಮತ್ತು ಟುಕ್ಕಾ ಅದನ್ನು ಪ್ರಕಟಿಸಿದರು. ಅರ್ಧಕ್ಕೇ ನಿಂತ ಸಾಲುಗಳನ್ನು ಅವರು ತುಂಬಲಿಲ್ಲ, ಅವು ಇಂದಿಗೂ ಹಾಗೆಯೇ ಇವೆ.

ತಾವು ಜೇನು ಸಾಕುವವರಾದ್ದರಿಂದ ‘ಜಾರ್ಜಿಕ್ಸ್’ನ ನಾಲ್ಕನೆಯ ಭಾಗವನ್ನು ಮೊದಲು ಓದಿ. ಟಾರೆಂಟಮ್ ಬಳಿ ಯಾರಿಗೂ ಬೇಡವಾದ ತುಂಡು ನೆಲದಲ್ಲಿ ತರಕಾರಿ ಬೆಳೆದು, ಊರಿನಲ್ಲಿ ಎಲ್ಲರಿಗಿಂತ ಮೊದಲು ಜೇನು ತೆಗೆಯುತ್ತಿದ್ದ ಮುದುಕನೊಬ್ಬನನ್ನು ತಾನು ಕಂಡಿದ್ದಾಗಿ ಕವಿ ಅಲ್ಲಿ ಬರೆದಿದ್ದಾನೆ.