ಆಮೆ ಮರಿ ವಿಡಿಯೋ: ‘ದೊಡ್ಮನೆ ಬಳಗ’ ಗುಂಪಿನ ಚರ್ಚೆ

ವಸಂತತ್ತೆ: (ಫಾರ್ವರ್ಡ್ ಮಾಡಿದ ವಿಡಿಯೋ) ಕಡಲತೀರದಲ್ಲಿ ಆಮೆ ಮರಿಗಳು ಕಂಡರೆ ಬಕೆಟ್‌ನಲ್ಲಿ ತುಂಬಿ ನೀರಿಗೆ ಬಿಡಿ. ಕತ್ತಲಿದ್ದರೆ ಮೊಬೈಲ್ ಟಾರ್ಚ್ ಹಾಕಿ ದಾರಿ ತೋರಿಸಿ. ಜೀವ ಉಳಿಸಿದ ಪುಣ್ಯ ನಿಮ್ಮದು. ಹತ್ತು ಜನರಿಗೆ ಕಳಿಸಿ 🙏🐢

ವಸಂತತ್ತೆ: ಎಷ್ಟು ಮುದ್ದಾಗಿವೆ ನೋಡಿ. ಈಗಿನ ಮಕ್ಕಳಲ್ಲೂ ಕರುಣೆ ಇದೆ ಅಂತ ನಾನು ಹೇಳುತ್ತಲೇ ಇರುತ್ತೇನೆ.

ದೊಡ್ಡಪ್ಪ: ಒಳ್ಳೆಯ ಸಂದೇಶ ವಸಂತಾ. ಮೂಕಪ್ರಾಣಿಗೆ ನೆರವಾಗುವುದು ಮನುಷ್ಯನ ಧರ್ಮ. ಗುಂಪಿನ ಕಿರಿಯರು ಇದನ್ನು ಓದಬೇಕು.

ಸುಧೀರ: ಇದನ್ನು ಬರೆದದ್ದು ಯಾರು ಅತ್ತೆ? ಮೂಲ ಏನು?

ವಸಂತತ್ತೆ: ಯೋಗದ ಗುಂಪಿನಲ್ಲಿ ಬಂತು. ಒಳ್ಳೆಯದು ಹೇಳಿದರೂ ಮೂಲ ಬೇಕಾ ನಿನಗೆ?

ಸುಧೀರ: ಬೇಕು. ಬ್ಯಾಂಕ್ ಲಿಂಕ್ ಕೂಡ ಅದೇ ಗುಂಪಿನಿಂದ ಬಂದಿತ್ತು.

ವಸಂತತ್ತೆ: ಅದನ್ನು ಇನ್ನೆಷ್ಟು ದಿನ ಎತ್ತಿ ಆಡುತ್ತೀಯೋ? ಅವತ್ತು ಎಲ್ಲರ ಮುಂದೆ ಹೇಳಿದ್ದೆ, ಇವತ್ತು ಮತ್ತೆ ಹೇಳಿದೆ.

ಗಿರೀಶ: ಸಮುದ್ರ ಅಂದಕೂಡಲೇ ನೆನಪಾಯಿತು, ಚಿಕ್ಕವರಿದ್ದಾಗ ಎಲ್ಲರೂ ಒಂದೇ ವ್ಯಾನಿನಲ್ಲಿ ತುಂಬಿಕೊಂಡು ಹೋಗಿದ್ದೆವಲ್ಲ, ಸುಧಿಯ ಚಪ್ಪಲಿ ಅಲೆಯಲ್ಲಿ ಹೋಯಿತು ಅಂತ ಅಜ್ಜಿ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಿದ್ದರು 😂 ಆ ಫೋಟೋ ಯಾರ ಹತ್ತಿರ ಇದೆ?

ಸುಧೀರ: ವಿಷಯಕ್ಕೆ ಬಾ ಗಿರಿ.

ಮಮತಾ: ಅತ್ತೆ, ಟಾರ್ಚ್ ಬೇಡವೇ ಬೇಡ. ಮರಿಗಳು ಹೆಚ್ಚಾಗಿ ರಾತ್ರಿ, ಮರಳು ತಣ್ಣಗಾದ ಮೇಲೆ ಗೂಡಿನಿಂದ ಹೊರಗೆ ಬರುತ್ತವೆ. ದೀಪ ಇಲ್ಲದ ತೀರದಲ್ಲಿ ಸಮುದ್ರದ ಕಡೆಯೇ ಜಾಸ್ತಿ ಬೆಳಕಿರುತ್ತೆ. ಅದನ್ನು ನೋಡಿಕೊಂಡೇ ಅವು ಹೋಗುವುದು. ಹೋಟೆಲ್ ದೀಪ, ರಸ್ತೆ ದೀಪ, ನಮ್ಮ ಮೊಬೈಲ್ ಇದ್ದರೆ ಆ ಕಡೆ ತಿರುಗಿಬಿಡುತ್ತವೆ. ರಾತ್ರಿಯೆಲ್ಲ ಅಲೆದು ಸುಸ್ತಾಗಿ ಬೆಳಗಿನ ಬಿಸಿಲಿಗೆ ಒಣಗಿ ಸಾಯುತ್ತವೆ, ಇಲ್ಲ ಗಾಡಿಯ ಚಕ್ರಕ್ಕೆ ಸಿಗುತ್ತವೆ. ನನಗೆ ಈ ವಿಡಿಯೋ ನೋಡಿ ನಿಜವಾಗಿ ಸಂಕಟ ಆಯಿತು.

ಮಮತಾ: ಬಕೆಟ್ ಕೂಡ ಬೇಡ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಅವುಗಳ ಮೊದಲ ಕೆಲವು ದಿನದ ಆಹಾರ. ಆ ಬಲದ ಮೇಲೆ ಹಗಲು ರಾತ್ರಿ ಈಜಿ ದಡದಿಂದ ದೂರ ಹೋಗಬೇಕು. ಬಕೆಟ್ ನೀರಿನಲ್ಲಿ ಹಾಕಿದರೆ ಅಲ್ಲೇ ಈಜಿ ಈಜಿ ಶಕ್ತಿ ಕಳೆದುಕೊಳ್ಳುತ್ತವೆ.

ಸುಧೀರ: ನಾನು ಮೊದಲೇ ಹೇಳಲಿಲ್ವಾ? ಆದರೆ ಮಮತಾ, ನಿನಗೂ ಅದೇ ಪ್ರಶ್ನೆ. ಮೂಲ?

ಮಮತಾ: ಕೇಳಿ ಸುಧೀರಣ್ಣ. ಫ್ಲೋರಿಡಾದ ಎಷ್ಟೋ ಊರುಗಳಲ್ಲಿ ಗೂಡಿನ ಕಾಲಕ್ಕೆ ತೀರದ ದೀಪಗಳಿಗೆ ನಿಯಮವೇ ಇದೆ. ದೀಪ ಬೇಕೇ ಬೇಕು ಅನ್ನುವ ಕಡೆ ನೆಲಕ್ಕೆ ಬಾಗಿದ, ಕೆಂಪು ಅಥವಾ ಕಿತ್ತಳೆ ಬಣ್ಣದ ದೀಪ ಹಾಕಿಸುತ್ತಾರೆ. ಇನ್ನು ದಿಕ್ಕಿನ ವಿಷಯಕ್ಕೆ ಕೆನೆತ್ ಲೋಮನ್ ಅನ್ನುವ ವಿಜ್ಞಾನಿಯ ಪ್ರಯೋಗಗಳಿವೆ, ಮರಿ ನೀರಿಗಿಳಿದ ಮೇಲೆ ಅಲೆಗೆ ಎದುರಾಗಿ ಈಜುತ್ತೆ, ಆಮೇಲೆ ಭೂಮಿಯ ಕಾಂತಕ್ಷೇತ್ರ ಹಿಡಿದು ಅದೇ ದಿಕ್ಕಿನಲ್ಲಿ ಸಾಗುತ್ತೆ ಅಂತ. ನಾವು ದಾರಿ ತೋರಿಸಬೇಕಾಗಿಲ್ಲ.

ದೊಡ್ಡಪ್ಪ: ಹಾಗಾದರೆ ಕಾಗೆ, ಏಡಿ ಹೊತ್ತುಕೊಂಡು ಹೋಗುವುದನ್ನು ನೋಡುತ್ತ ನಿಲ್ಲಬೇಕೇ? ಓದಿದವರ ಮಾತು ನನಗೆ ಅರ್ಥವಾಗುವುದಿಲ್ಲ. ಹಿರಿಯರು ಹೇಳಿದರೆ ವಾದ, ಮೊಬೈಲ್ ಹೇಳಿದರೆ ವೇದ.

ಮಮತಾ: ದೊಡ್ಡಪ್ಪ, ನಿಮ್ಮ ಕಳಕಳಿ ತಪ್ಪಲ್ಲ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ, ಸಾವಿರ ಮರಿಗೆ ಒಂದು ದೊಡ್ಡದಾದರೆ ಹೆಚ್ಚು ಅನ್ನುತ್ತಾರೆ. ಏಡಿ, ಹಕ್ಕಿ ಯಾವಾಗಲೂ ಇದ್ದವು, ಅವನ್ನೂ ಲೆಕ್ಕ ಹಾಕಿಯೇ ತಾಯಿ ಅಷ್ಟು ಮೊಟ್ಟೆ ಇಡುವುದು. ನಾವು ತಂದಿಟ್ಟ ಅಡ್ಡಿಗಳನ್ನು ಮಾತ್ರ ನಾವೇ ತೆಗೆಯಬೇಕು. ದೀಪ ಆರಿಸೋಣ. ನಾಯಿ ಇದ್ದರೆ ಹಿಡಿದಿಟ್ಟುಕೊಳ್ಳೋಣ. ಮಕ್ಕಳು ತೋಡಿದ ಗುಂಡಿ ಮುಚ್ಚೋಣ, ಮರಳಿನ ಕೋಟೆ ಸಪಾಟು ಮಾಡೋಣ, ಕುರ್ಚಿ ಎತ್ತಿಡೋಣ. ಮರಿ ಗುಂಡಿಗೆ ಬಿದ್ದರೆ ಹತ್ತಿ ಬರಲು ಆಗುವುದಿಲ್ಲ. ಆಮೇಲೆ ದೂರ ನಿಂತು ನೋಡೋಣ.

ವಸಂತತ್ತೆ: ಹಗಲು ಹೊತ್ತು ಬಿಸಿಲಲ್ಲಿ ಬಿದ್ದಿದ್ದರೆ? ಸುಮ್ನೆ ಬಿಟ್ಟು ಬರೋದಾ?

ಮಮತಾ: ಇಲ್ಲ ಅತ್ತೆ. ಅಲ್ಲಿನ ವನ್ಯಜೀವಿ ಸಿಬ್ಬಂದಿಗೆ ತಕ್ಷಣ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾಡಬೇಕು. ಅವರು ಎತ್ತಿಡಿ ಅಂದರೆ ಒದ್ದೆ ಮರಳು ಹಾಕಿದ ಡಬ್ಬದಲ್ಲಿ ಇಟ್ಟು ನೆರಳಿನಲ್ಲಿಡಿ. ನೀರು ಹಾಕಬೇಡಿ.

ಗಿರೀಶ: ಅಜ್ಜಿ ಇದ್ದಿದ್ದರೆ ಮರಳಿನ ಕೋಟೆ ಕೆಡವಲು ಬಿಡುತ್ತಿರಲಿಲ್ಲ. ಫೋಟೋ ಯಾರಾದರೂ ಹಾಕಿ ಪ್ಲೀಸ್.

ವಸಂತತ್ತೆ: ಮಮತಾ ಹೇಳಿದ್ದು ಒಪ್ಪಿದೆ. ಸುಧೀರ ಹೇಳಿದ್ದು ಒಪ್ಪಲಿಲ್ಲ.

ಸುಧೀರ: ಇಬ್ಬರೂ ಹೇಳಿದ್ದು ಒಂದೇ ಅಲ್ವಾ ಅತ್ತೆ?

ವಸಂತತ್ತೆ: ಅವಳು ಆಮೆಯ ವಿಷಯ ಹೇಳಿದಳು. ನೀನು ನನ್ನ ವಿಷಯ ಹೇಳಿದೆ.

ದೊಡ್ಡಪ್ಪ: ವಸಂತಾ, ನಾನು ಆ ವಿಡಿಯೋವನ್ನು ನನ್ನ ಹಳೆಯ ಸಹಪಾಠಿಗಳಿಗೆ ಕಳಿಸಿಬಿಟ್ಟೆ. ಈಗೇನು ಮಾಡುವುದು?

ಮಮತಾ: ದೊಡ್ಡಪ್ಪ, ಅದನ್ನು ಒತ್ತಿ ಹಿಡಿದು ಡಿಲೀಟ್ ಫಾರ್ ಎವರಿಒನ್ ಕೊಡಿ. ಬರೀ ನಿಮ್ಮ ಫೋನಿನಿಂದ ಅಳಿಸಿದರೆ ಅವರ ಹತ್ತಿರ ಹಾಗೇ ಉಳಿಯುತ್ತೆ. ಟಾರ್ಚಿನ ವಿಷಯ ಬರೆದದ್ದನ್ನು ಅದರ ಜಾಗಕ್ಕೆ ಕಳಿಸಿ.