ಮಾಲೀಕ ಇದ್ದೂ ಬಿಟ್ಟುಹೋದ ಗಾಡಿಗೆ ಏನಂತೀರಿ? ಬೇವಾರ್ಸಿ, ಅನಾಥ, ಗುಜರಿ, ಬಿಡಾಡಿ...

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಇವೇ ದಿನದ ಕೆಲಸ. ಕಳೆದ ವಾರ ಒಂದು ಅರ್ಜಿ ಟೈಪ್ ಮಾಡುವಾಗ ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡೆ. ಇನ್ನೂ ಬಿಡಿಸಿಕೊಂಡಿಲ್ಲ.

ಬಂದವರು ಅರವತ್ತು ದಾಟಿದ ಒಬ್ಬ ಅಮ್ಮ. ಮೂಲ ತೀರ್ಥಹಳ್ಳಿ ಕಡೆ, ಮಾತಲ್ಲೇ ಗೊತ್ತಾಗುತ್ತದೆ. ಅವರ ಮನೆ ಗೇಟಿನ ಪಕ್ಕ ಒಂದು ಓಮ್ನಿ ಮೂರು ಮಳೆಗಾಲದಿಂದ ನಿಂತಿದೆ. ಮೊಬೈಲಲ್ಲಿ ಫೋಟೊ ತೋರಿಸಿದರು. ನಾಲ್ಕೂ ಟೈರು ಇಳಿದು ರಿಮ್ಮು ಮಣ್ಣಲ್ಲಿ ಕೂತಿದೆ. ಕಿಟಕಿ ರಬ್ಬರಿನ ಉದ್ದಕ್ಕೂ ಪಾಚಿ, ವೈಪರಿನ ಬುಡದಲ್ಲಿ ಒಂದು ಜರಿಗಿಡ ಚಿಗುರಿದೆ. ಬಯಲುಸೀಮೆಯ ಗಾಡಿಗೆ ಬರೀ ತುಕ್ಕು ಹಿಡಿಯುತ್ತದೆ, ನಮ್ಮ ಕಡೆಯದು ಮೊದಲು ಹಸಿರಾಗುತ್ತದೆ. ಹಿಂದಿನ ಗಾಜು ಒಡೆದು ಒಳಗೆಲ್ಲ ನೀರು. ಸೊಳ್ಳೆ ಲಾರ್ವಾ ನೋಡೋಕೆ ಬಂದ ಆಶಾ ಕಾರ್ಯಕರ್ತೆ ಅದರೊಳಗೆ ಇಣುಕಿ, ‘ಇದನ್ನ ಮೊದಲು ತೆಗೆಸಿ ಅಮ್ಮ’ ಅಂದು ಹೋದರಂತೆ.

ನಾನು ರೂಢಿಯಂತೆ ಹೊಡೆದೆ: ‘ವಿಷಯ: ವಾರಸುದಾರರಿಲ್ಲದ ವಾಹನವನ್ನು ತೆರವುಗೊಳಿಸುವ ಬಗ್ಗೆ’. ಓದಿ ಹೇಳಿದ ಕೂಡಲೇ ಅಮ್ಮ ತಡೆದರು.

‘ವಾರಸುದಾರ ಇದಾನಲ್ಲ ಮಾರಾಯ್ರೇ! ಎದುರು ಮನೇಲಿ ಬಾಡಿಗೆಗೆ ಇದ್ದೋನು. ಈಗ ಬೆಂಗಳೂರಲ್ಲಿ ಇದಾನೆ. ಫೋನ್ ಎತ್ತಲ್ಲ ಅಷ್ಟೆ.’

ನನ್ನ ತಕರಾರು ಇಲ್ಲಿಂದ ಶುರು. ಯಜಮಾನನೇ ಇಲ್ಲದ್ದು ಒಂದು, ಯಜಮಾನ ಇದ್ದೂ ಬಿಟ್ಟುಹೋದದ್ದು ಇನ್ನೊಂದು. ನಮ್ಮ ನೋಟಿಸು, ಪೇಪರುಗಳ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಅಂಟಿಸುತ್ತೇವೆ. ಇಂಗ್ಲಿಷಿನವರು ಅಬ್ಯಾಂಡನ್ಡ್ ಅನ್ನೋದು ಎರಡನೆಯದಕ್ಕೆ. ಬಿಟ್ಟವನೊಬ್ಬ ಇದ್ದಾನೆ ಅನ್ನುವುದು ಆ ಪದದ ಒಳಗೇ ಇದೆ. ‘ವಾರಸುದಾರರಿಲ್ಲದ’ ಅಂದರೆ ಅವನು ಮಾಯ.

ಕಾನೂನಲ್ಲೂ ಇವೆರಡು ಬೇರೆ ಬೇರೆ ದಾರಿ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಗಾಡಿಯನ್ನು 10 ಗಂಟೆ ಅಥವಾ ಜಾಸ್ತಿ ಹೊತ್ತು ಬಿಟ್ಟುಹೋದರೆ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅದನ್ನು ಎಳೆಸಬಹುದು, ಇಲ್ಲವೇ ಚಕ್ರಕ್ಕೆ ಬೀಗ ಹಾಕಿಸಬಹುದು. ಎಳೆಸಿದ ಖರ್ಚು ಮಾಲೀಕನ ತಲೆಗೆ. ಅಂದರೆ ಮಾಲೀಕ ಇದ್ದಾನೆ ಅಂತಲೇ ಲೆಕ್ಕ. ಹತ್ತು ಗಂಟೆ ಎಲ್ಲಿ, ಮೂರು ಮಳೆಗಾಲ ಎಲ್ಲಿ! ಇನ್ನೊಂದು ದಾರಿ, ಪೊಲೀಸರು ವಶಕ್ಕೆ ತೆಗೆದುಕೊಂಡ ಮಾಲಿನದು. ಯಾರದು ಅಂತ ಗೊತ್ತಿಲ್ಲದಿದ್ದರೆ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಿ 6 ತಿಂಗಳು ಕಾಯಬೇಕು, ಅಷ್ಟರಲ್ಲಿ ಯಾರೂ ಬರದಿದ್ದರೆ ಅದು ಸರ್ಕಾರದ ಕೈಗೆ, ಆಮೇಲೆ ಹರಾಜು. ಮೊದಲು ಇದು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಹಾಗಾಗಿ ‘ವಾರಸುದಾರರಿಲ್ಲ’ ಅನ್ನೋದು ಆರು ತಿಂಗಳು ಕಾದ ಮೇಲೆ ಬರುವ ಮಾತು. ನಾನು ಅದನ್ನು ಅರ್ಜಿಯ ಮೊದಲ ಸಾಲಲ್ಲೇ ಬರೆದು ತೀರ್ಪು ಕೊಟ್ಟುಬಿಟ್ಟಿದ್ದೆ, ಅಲ್ವಾ?

ಸರಿ, ಬೇರೆ ಪದ ಹುಡುಕೋಣ ಅಂತ ಕೂತೆ.

‘ಬೇವಾರ್ಸಿ’ ಅರ್ಥದಲ್ಲಿ ‘ವಾರಸುದಾರರಿಲ್ಲದ’ದ ಅಣ್ಣನೇ. ಫಾರಸಿಯ ‘ಬೇ’, ಅರಬಿಯ ‘ವಾರಿಸ್’. ಮರಾಠಿ ಪೇಪರುಗಳು ಇವತ್ತಿಗೂ ‘ಬೇವಾರಸ್ ವಾಹನೆ’ ಅಂತ ತಲೆಬರಹ ಕೊಡುತ್ತವೆ, ಯಾರಿಗೂ ಮುಜುಗರ ಇಲ್ಲ. ನಾವು ಅದನ್ನು ಬೈಗುಳ ಮಾಡಿಕೊಂಡೆವು. ಅರ್ಜಿಯಲ್ಲಿ ‘ಬೇವಾರ್ಸಿ ಓಮ್ನಿ’ ಅಂತ ಬರೆದರೆ ಗಾಡಿಗೆ ಬೈದೆನೋ ಓನರಿಗೆ ಬೈದೆನೋ ಅಂತ ಗುಮಾಸ್ತರಿಗೆ ಅನುಮಾನ ಬರುತ್ತದೆ. ಜಪ್ತಿ, ಹರಾಜು, ಮಹಜರು ಕೂಡ ಅದೇ ಕಡೆಯಿಂದ ಬಂದ ಪದಗಳು, ಅವು ಮಾತ್ರ ಮರ್ಯಾದೆ ಉಳಿಸಿಕೊಂಡಿವೆ. 1763ರಲ್ಲಿ ಹೈದರಾಲಿ ಬಿದನೂರು ಗೆದ್ದು ಹೈದರನಗರ ಮಾಡಿದ ಸೀಮೆ ನಮ್ಮದು, ಕಚೇರಿ ಕನ್ನಡದಲ್ಲಿ ಈ ಪದಗಳಿರೋದರಲ್ಲಿ ಆಶ್ಚರ್ಯ ಇಲ್ಲ.

‘ಅನಾಥ ವಾಹನ’ ಅಂತ ಪೇಪರಿನವರು ಬರೆಯುತ್ತಾರೆ. ಅನಾಥ ಅಂದರೆ ಅಯ್ಯೋ ಪಾಪ ಅನಿಸಬೇಕು. ಸೊಳ್ಳೆ ಸಾಕುತ್ತಿರುವ ಓಮ್ನಿಯ ಮೇಲೆ ಆ ಅಮ್ಮನಿಗೆ ಪಾಪ ಹುಟ್ಟುವುದಿಲ್ಲ.

‘ಪರಿತ್ಯಕ್ತ’ ಅಂತ ಒಬ್ಬ ವಕೀಲರು ಸೂಚಿಸಿದರು. ನನಗೆ ಅದು ಕೇಳಿದರೆ ಕಾಡಿಗೆ ಹೋದ ಸೀತೆ ಕಣ್ಣ ಮುಂದೆ ಬರುತ್ತಾಳೆ. ಬೇಡ.

‘ಗುಜರಿ’ ಸ್ವಲ್ಪ ಯೋಚನೆಗೆ ಹಚ್ಚಿತು. ಹಿಂದಿ ನಿಘಂಟಿನಲ್ಲಿ ‘ಗುಜ್ರಿ’ ಅಂದರೆ ಮಧ್ಯಾಹ್ನದ ಮೇಲೆ ರಸ್ತೆ ಬದಿ ಹಚ್ಚುವ ಬಜಾರು. ಜಾಗದ ಹೆಸರು ನಮ್ಮಲ್ಲಿ ಮಾಲಿನ ಹೆಸರಾಗಿದೆ. ಆದರೆ ಗುಜರಿ ಹೇಳೋದು ವಸ್ತುವಿನ ಸ್ಥಿತಿ, ಅದನ್ನು ಯಾರು ಏನು ಮಾಡಿದರು ಅಂತಲ್ಲ. ಚೆನ್ನಾಗಿರೋ ಗಾಡಿಯನ್ನೂ ಬಿಟ್ಟುಹೋಗಬಹುದು. ನಮ್ಮಪ್ಪ ಭದ್ರಾವತಿ ಕಾರ್ಖಾನೆಯಲ್ಲಿದ್ದವರು, ಅವರ ಬಾಯಲ್ಲಿ ಗುಜರಿ ಬರುತ್ತಲೇ ಇರಲಿಲ್ಲ, ‘ಸ್ಕ್ರ್ಯಾಪು’ ಅನ್ನೋರು, ಅದೂ ಗೌರವದಿಂದ, ಯಾಕಂದರೆ ಅವರ ಲೆಕ್ಕದಲ್ಲಿ ಅದು ಮತ್ತೆ ಕುಲುಮೆಗೆ ಹೋಗುವ ಮಾಲು. ಅದೂ ಅಲ್ಲದೆ 2021ರ ನಿಯಮ ಬಂದ ಮೇಲೆ ಗಾಡಿ ಒಡೆಯೋದು ನೋಂದಾಯಿತ ಕೇಂದ್ರದಲ್ಲೇ ಆಗಬೇಕು, ಆರ್‌ಸಿ ಕೊಡಬೇಕು, ಅವರಿಂದ ಸರ್ಟಿಫಿಕೇಟು ಪಡೀಬೇಕು. ಕಾಗದದ ಮಟ್ಟಿಗೆ ಈ ಓಮ್ನಿ ಇನ್ನೂ ಗುಜರಿ ಆಗಿಲ್ಲ.

ತಮಿಳರ ‘ಕೇಟ್ಪಾರಟ್ರ’ ನನಗೆ ಇಷ್ಟ. ಕೇಳೋರಿಲ್ಲದ ಅಂತ. ನಮ್ಮಲ್ಲೂ ‘ಹೇಳೋರಿಲ್ಲ ಕೇಳೋರಿಲ್ಲ’ ಇದೆ. ಆದರೆ ಇಲ್ಲಿ ಕೇಳೋರು ಇದ್ದಾರೆ, ಅರ್ಜಿ ಹಿಡಿದು ನನ್ನ ಅಂಗಡಿಯಲ್ಲೇ ಕೂತಿದ್ದರು!

ಕೊನೆಗೆ ನೆನಪಾದದ್ದು ‘ಬಿಡಾಡಿ’. ಬಿಡಾಡಿ ದನ ಅಂದರೆ ಯಜಮಾನನಿಲ್ಲದ ದನ ಅಲ್ಲ. ಬೆಳಿಗ್ಗೆ ಹಾಲು ಕರೆದುಕೊಂಡು ಬೀದಿಗೆ ಬಿಟ್ಟ ದನವೂ ಬಿಡಾಡಿಯೇ. ಮಾಲೀಕ ಇದ್ದಾನೆ, ಜವಾಬ್ದಾರಿ ಮಾತ್ರ ಬೀದಿಯವರದು. ನಮಗೆ ಬೇಕಾದ್ದು ಇದೇ ತಾನೇ? ವ್ಯವಸ್ಥೆಯೂ ಹಾಗೇ ಹೊಂದುತ್ತದೆ ನೋಡಿ. 1871ರ ದನಗಳ ಅತಿಕ್ರಮಣದ ಕಾಯ್ದೆಯಲ್ಲಿ ಹಿಡಿದ ದನ ದೊಡ್ಡಿಗೆ ಹೋಗಬೇಕು, ಯಜಮಾನ ದಂಡ ಮತ್ತು ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು, 7 ದಿನ ಬರದಿದ್ದರೆ ನೋಟಿಸು, ಮತ್ತೆ 7 ದಿನ ನೋಡಿ ಹರಾಜು. ಮೇವಿನ ಜಾಗದಲ್ಲಿ ಟೋಯಿಂಗ್ ಚಾರ್ಜು ಇಟ್ಟರೆ ಗಾಡಿಯ ಕತೆಯೂ ಸುಮಾರು ಅದೇ.

‘ಬಿಡಾಡಿ ವಾಹನ’ ಅಂತ ಹೊಡೆದು ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು.

‘ಬಿಡಾಡಿ ಅಂದ್ರೆ ತಿರುಗಬೇಕಲ್ಲ? ಇದು ಎಂತ ತಿರುಗ್ತದೆ, ಬಿದ್ಕೊಂಡಿದೆ.’

ಸೋತೆ. ಬಿಡು, ಆಡು, ಎರಡೂ ಇರುವ ಪದ ಅದು. ಬಿಟ್ಟದ್ದು ಸರಿ, ಆಡೋದು ಎಲ್ಲಿ? ಆದರೆ ಅವರ ‘ಬಿದ್ಕೊಂಡಿದೆ’ಯಲ್ಲಿ ಇನ್ನೊಂದು ದಾರಿ ಕಂಡಿತು. ‘ಬೀಳು ಭೂಮಿ’ ಅನ್ನುತ್ತೇವಲ್ಲ, ಪಹಣಿಯಲ್ಲಿ ಹೆಸರಿದೆ, ಉಳೋರಿಲ್ಲ. ಮಲೆನಾಡಲ್ಲಿ ಗದ್ದೆ ‘ಹಡ್ಲು ಬಿದ್ದಿದೆ’ ಅನ್ನೋದೂ ಹಾಗೆಯೇ. ಅದೇ ಅಳತೆಯಲ್ಲಿ ‘ಬೀಳು ಗಾಡಿ’ ಅಂದರೆ ಕಿವಿಗೆ ಒಗ್ಗುತ್ತದಾ? ‘ಪಾಳು ಗಾಡಿ’ಗಿಂತ ಪರವಾಗಿಲ್ಲ ಅಂತ ನನಗನಿಸುತ್ತದೆ, ಪಾಳು ಅಂದ ಕೂಡಲೇ ಗೋಡೆ, ದೇವಸ್ಥಾನ, ಬಾವಿ ಬರುತ್ತವೆ. ನಿಮಗೆ ಹೇಗೋ?

ಅವತ್ತು ಅಮ್ಮನಿಗೆ ಬಸ್ಸಿನ ಹೊತ್ತಾಗಿತ್ತು. ‘ಮಾಲೀಕರು ಬಿಟ್ಟುಹೋಗಿ ಮೂರು ವರ್ಷದಿಂದ ನಮ್ಮ ಗೇಟಿನ ಪಕ್ಕ ಬಿದ್ದಿರುವ ವಾಹನ’ ಅಂತ ಉದ್ದಕ್ಕೆ ಹೊಡೆದು ಪ್ರಿಂಟ್ ಕೊಟ್ಟೆ. ಒಂದು ಪದದ ಜಾಗಕ್ಕೆ ಒಂಬತ್ತು ಪದ.

ಹಾಗಾಗಿ ಕೇಳುತ್ತಿದ್ದೇನೆ. ನಿಮ್ಮ ಕಡೆ ಮೆಕ್ಯಾನಿಕ್ಕುಗಳು, ಆರ್‌ಟಿಒ ಏಜೆಂಟರು, ಪೊಲೀಸರು ಬಾಯಲ್ಲಿ ಏನು ಹೇಳುತ್ತಾರೆ? ನಿಘಂಟಿನ ಪದ ಬೇಡ, ಕಿವಿಯಾರೆ ಕೇಳಿದ್ದು ಬೇಕು. ಕರಾವಳಿಯವರು, ಹುಬ್ಬಳ್ಳಿ ಕಡೆಯವರು ಇದ್ದರೆ ಖಂಡಿತ ಬರೆಯಿರಿ. ಓಮ್ನಿ ಇನ್ನೂ ಅಲ್ಲೇ ಇದೆ, ಎರಡನೇ ಅರ್ಜಿ ಹೊಡೆಯೋಕೆ ಅಮ್ಮ ಹೇಗೂ ಬರುತ್ತಾರೆ.