ಅಪ್‌ಡೇಟ್: ಮೊದಲ ಬಂದೂಕು ಕೊನೆಗೂ ಆಯ್ಕೆ ಆಯ್ತು

ಗುರಿ ಅಭ್ಯಾಸಕ್ಕೆ ಮೊದಲ ಬಂದೂಕು ಯಾವುದಿರಲಿ, 12 ಬೋರ್ ಶಾಟ್‌ಗನ್ನೋ .22 ರೈಫಲ್ಲೋ ಅಂತ ಕೇಳಿದ್ದೆ. ಲೈಸೆನ್ಸ್ ಬಂತು, .22 ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳುವ) ರೈಫಲ್ಲೇ ತಗೊಂಡೆ.

ನೀವು ಹೇಳಿದ ಹಾಗೆ ಶೂಟಿಂಗ್ ರೇಂಜಿನಲ್ಲಿ ಎರಡನ್ನೂ ಹೊಡೆದು ನೋಡಿದೆ. 12 ಬೋರ್ ಭುಜಕ್ಕೆ ಒದೆಯುತ್ತದೆ. ಆ ಹೆದರಿಕೆಗೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಹೋಗುತ್ತಿತ್ತು. .22ರಲ್ಲಿ ಒದೆತ ಇಲ್ಲವೇನೋ ಅನ್ನಿಸುತ್ತದೆ, ಗುಂಡೂ ಅಗ್ಗ. ಜಾಸ್ತಿ ಅಭ್ಯಾಸ ಮಾಡಬಹುದು, ಅಲ್ವಾ?

ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ಅಳತೆ ಬಗ್ಗೆ ಬರೆದವರಿಗೆ ಥ್ಯಾಂಕ್ಸ್. ಅಂಗಡಿಯಲ್ಲಿ ಮೊದಲು ತೋರಿಸಿದ ರೈಫಲ್ ನೋಡೋಕೆ ಚೆಂದ, ಆದರೆ ಸ್ಟಾಕ್ ಉದ್ದ. ಕೆನ್ನೆ ಇಟ್ಟರೆ ಕಣ್ಣು ಗುರಿ ನೋಡುವ ಸೈಟಿನ ನೇರಕ್ಕೆ ಬರುತ್ತಲೇ ಇರಲಿಲ್ಲ. ಗಿಡ್ಡ ಸ್ಟಾಕಿನದು ಸರಿಹೋಯ್ತು.

ಸ್ಕೋಪ್ (ಗುರಿಯನ್ನು ದೊಡ್ಡದಾಗಿ ತೋರಿಸುವ ದುರ್ಬೀನು) ಸದ್ಯಕ್ಕೆ ಬೇಡ. ಆ ದುಡ್ಡು ಬೀಗದ ಕಪಾಟಿಗೆ ಹೋಯ್ತು. ಗುಂಡುಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ.